ಹಾಜರಾಗದವನ ಮೇಲೆ ಡಿಕ್ರಿ



ಇವೊತ್ತಿನ ಮಾತು ಬಿತ್ತನೆಯದಲ್ಲ, ಗೊಬ್ಬರದ್ದೂ ಅಲ್ಲ, ಒಂದು ಲಕೋಟೆಯದು. ಕಳೆದ ಸುಗ್ಗಿಯಲ್ಲಿ ನಾನೊಂದು ಆಲೆಮನೆಯ ಹತ್ತಿರ ನಿಂತಿದ್ದೆ. ಕೊಪ್ಪರಿಗೆಯಲ್ಲಿ ಪಾಕ ಏಳುತ್ತಿತ್ತು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಸ್ವಾಮಿ, ಕೋರ್ಟಿಂದ ಒಂದು ಲಕೋಟೆ ಬಂದಿತ್ತು. ನಾನು ಇಸ್ಕಳ್ಲಿಲ್ಲ, ವಾಪಸ್ ಕಳಿಸ್ಬುಟ್ಟೆ. ಇಸ್ಕಂಡಿದ್ರೆ ತಾನೆ ತಂಟೆ?"

"ಏನು ವಿಚಾರ, ಯಜಮಾನ್ರೇ?" ಎಂದೆ.

"ಅದೇ, ನಮ್ ಸಂಘದೋರು ಬೆಲ್ಲದ ಪುಡಿ ಪ್ಯಾಕೆಟ್ ಮಾಡಿ ಮಾರ್ತೀವಲ್ಲ, ಅದ್ರ ಮೇಲಿನ ಚಿತ್ರ ಯಾವುದೋ ಕಂಪನಿಯೋರ ಚಿತ್ರದಂಗೇ ಅದೆಯಂತೆ. ಮೊದ್ಲು ಅವ್ರ ವಕೀಲ್ರು ಒಂದು ಕಾಗ್ದ ಬರ್ದಿದ್ರು, ಅದನ್ನೂ ನೋಡ್ಲಿಲ್ಲ."

ಆ ಚಿತ್ರವನ್ನು ಸಂಘದವರು ಬರೆಸಿದ್ದಲ್ಲ. ಪಟ್ಟಣದ ಪ್ರೆಸ್ಸಿನವನು ತನ್ನಲ್ಲಿದ್ದ ನಮೂನೆಗಳಲ್ಲಿ ಒಂದನ್ನು ತೆಗೆದು, ಹೆಸರು ಬದಲಾಯಿಸಿ ಅಚ್ಚು ಹಾಕಿ ಕೊಟ್ಟಿದ್ದ. ಸಂಘದ ಅಧ್ಯಕ್ಷರೆಂದು ಯಜಮಾನರ ಹೆಸರು ದಾವೆಯಲ್ಲಿ ಸೇರಿತ್ತು. ಅವರಲ್ಲಿ ಕಪಟವೇನೂ ಇರಲಿಲ್ಲ. ಆದರೆ ಲಕೋಟೆ ಹಿಂದಿರುಗಿಸಿದರೆ ಕೇಸು ಹಿಂದಿರುಗುತ್ತದೆ ಎಂದು ಅವರು ತಿಳಿದಿದ್ದರು. ಹಾಗೆ ತಿಳಿದವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ನಾನು ವಕೀಲನಲ್ಲ, ಆದರೂ ರೈತರ ಸಂಘಗಳು ಮೆಣಸಿನ ಪುಡಿ, ಜೇನು, ಬೆಲ್ಲ, ಎಣ್ಣೆ ಎಂದು ತಾವೇ ಪ್ಯಾಕೆಟ್ ಮಾಡಿ ಮಾರುವ ಕಾಲ ಇದಾದ್ದರಿಂದ ಈ ವಿಷಯವನ್ನು ವಿಚಾರಿಸಿ ತಿಳಿದುಕೊಳ್ಳಬೇಕಾಯಿತು.

ಮೊದಲು ಮಾರ್ಕಿನ ಮಾತು. ಒಬ್ಬ ವ್ಯಾಪಾರಿ ತನ್ನ ಸರಕನ್ನು ಜನ ಗುರುತಿಸಲಿ ಎಂದು ಹಾಕುವ ಹೆಸರು, ಚಿತ್ರ, ಅಕ್ಷರ, ಹೊದಿಕೆಯ ಬಣ್ಣದ ಜೋಡಣೆ, ಇವೇ ಟ್ರೇಡ್ ಮಾರ್ಕು. ೧೯೯೯ರ ಟ್ರೇಡ್ ಮಾರ್ಕ್ಸ್ ಕಾಯಿದೆ ೨೦೦೩ರ ಸೆಪ್ಟೆಂಬರ್ ೧೫ರಿಂದ ಜಾರಿಯಲ್ಲಿದೆ. ಅದರಂತೆ ಮಾರ್ಕನ್ನು ರಿಜಿಸ್ಟರು ಮಾಡಿಸಿದವನು, ಅದೇ ಬಗೆಯ ಸರಕಿನ ಮೇಲೆ ಜನರಿಗೆ ಗೊಂದಲವಾಗುವ ಹಾಗೆ ಅದನ್ನೋ ಅದರ ಹೋಲಿಕೆಯನ್ನೋ ಬೇರೊಬ್ಬ ಹಾಕಿದರೆ ದಾವೆ ಹೂಡಬಹುದು. ರಿಜಿಸ್ಟರು ಮಾಡಿಸದಿದ್ದರೂ, ಬಹುಕಾಲದಿಂದ ಹೆಸರು ಗಳಿಸಿದವನು "ನನ್ನ ಮಾಲೆಂದು ಇವನು ತನ್ನ ಮಾಲನ್ನು ದಾಟಿಸುತ್ತಿದ್ದಾನೆ" ಎಂದು ದೂರುವುದಕ್ಕೆ ಅವಕಾಶ ಉಂಟು.

"ನಮ್ದು ಬೇರೆ, ಅವ್ರದು ಬೇರೆ, ಪಕ್ಕದಲ್ಲಿಟ್ಟು ನೋಡಿ" ಎಂದು ನಮ್ಮವರು ಹೇಳುವುದುಂಟು. ಕೋರ್ಟು ಹಾಗೆ ಪಕ್ಕದಲ್ಲಿಟ್ಟು ನೋಡುವುದಿಲ್ಲ. ೧೯೬೨ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅಮೃತಧಾರಾ ಎಂಬ ಔಷಧಿಯ ಮೊಕದ್ದಮೆ ಬಂತು. ಎದುರಿನವರ ಔಷಧಿಯ ಹೆಸರು ಲಕ್ಷ್ಮಣಧಾರಾ. ಅಕ್ಷರ ಬಿಡಿಸಿ ನೋಡಿದರೆ ಅಮೃತ ಬೇರೆ, ಲಕ್ಷ್ಮಣ ಬೇರೆ. ಆದರೆ ಇಂಥ ಔಷಧಿಯನ್ನು ಕೊಳ್ಳುವವರು ಹಳ್ಳಿಯ ಜನ, ಅಷ್ಟಾಗಿ ಓದು ಬಾರದವರು. ಅವರು ಹೆಸರನ್ನು ತುಂಡು ಮಾಡಿ ಅರ್ಥ ವಿಚಾರಿಸುವುದಿಲ್ಲ, ಅರೆಬರೆ ನೆನಪಿನಿಂದ ಒಟ್ಟು ಹೋಲಿಕೆಯ ಮೇಲೆ ಕೊಳ್ಳುತ್ತಾರೆ ಎಂದು ನ್ಯಾಯಾಲಯ ನೋಡಿತು. ಆದ್ದರಿಂದ ಎರಡೂ ಹೆಸರು ಗೊಂದಲ ಹುಟ್ಟಿಸುವಷ್ಟು ಹತ್ತಿರ ಎಂದಿತು. ನಮ್ಮ ಮನೆಯಲ್ಲಿ ಅಮ್ಮ ಹುಡುಗನನ್ನು ಅಂಗಡಿಗೆ ಕಳಿಸುವಾಗ "ಆ ಕೆಂಪು ಪ್ಯಾಕೆಟ್ಟು, ಕೋಳಿ ಚಿತ್ರ ಇರೋದು ತಗೊಂಡ್ ಬಾ" ಎನ್ನುವುದಿಲ್ಲವೆ? ಆ ಹುಡುಗ ಮೋಸ ಹೋಗುತ್ತಾನೆಯೋ ಇಲ್ಲವೋ ಎಂಬುದೇ ಅಳತೆಗೋಲು.

ಇಷ್ಟಾದರೂ ಲಕ್ಷ್ಮಣಧಾರಾದವನು ಬರಿಗೈಲಿ ಹೋಗಲಿಲ್ಲ, ಕೇಳಿ. ನಾನು ೧೯೨೩ರಿಂದ ಮಾರುತ್ತಿದ್ದೇನೆ, ಇವರಿಗೆ ಗೊತ್ತಿದ್ದೂ ಸುಮ್ಮನಿದ್ದರು ಎಂದು ಅವನು ವಾದಿಸಿದ್ದ. ಹಾಗೆ ಸುಮ್ಮನಿದ್ದದ್ದನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಂಡು, ಉತ್ತರ ಪ್ರದೇಶದೊಳಗಿನ ಮಾರಾಟದ ಮಟ್ಟಿಗೆ ಅವನ ಹೆಸರು ರಿಜಿಸ್ಟರಾಗಲು ಬಿಟ್ಟಿತು. ನಮ್ಮ ರಾಜ್ಯದ್ದೇ ಇನ್ನೊಂದು. ಹಾಲಿನ ಮಹಾಮಂಡಲದ ನಂದಿನಿ ಹೆಸರು ೧೯೮೫ರಿಂದ ಇದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು ೧೯೮೯ರಿಂದ ಆ ಹೆಸರಿಟ್ಟುಕೊಂಡು ಊಟ ಬಡಿಸುತ್ತಿದ್ದರು. ಅವರೂ ರಿಜಿಸ್ಟರು ಕೇಳಿದಾಗ ಮಹಾಮಂಡಲ ತಕರಾರು ಮಾಡಿತು. ಹೋಟೆಲಿನವರು ಹೈಕೋರ್ಟಿನಲ್ಲಿ ಸೋತರು, ಬಿಡಲಿಲ್ಲ; ೨೦೧೮ರಲ್ಲಿ ಸುಪ್ರೀಂ ಕೋರ್ಟು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೊರತುಪಡಿಸಿ ಅವರಿಗೆ ಹೆಸರನ್ನು ಉಳಿಸಿಕೊಟ್ಟಿತು. ಇವೆರಡೂ ರಿಜಿಸ್ಟರಿಗೆ ಸಂಬಂಧಿಸಿದ ವ್ಯಾಜ್ಯಗಳು. ಆದರೆ ನಾನು ಹೇಳುವುದು ಇದು: ಇಬ್ಬರಿಗೂ ಸಿಕ್ಕಿದ್ದು ಅವರು ಎದುರು ನಿಂತು ತಮ್ಮ ಸಂಗತಿ ಹೇಳಿದ್ದರಿಂದ. ಅವರು ಹೇಳದೆ ಹೋಗಿದ್ದರೆ ಅದನ್ನು ನ್ಯಾಯಾಧೀಶರು ತಾವಾಗಿ ಊಹಿಸಿಕೊಳ್ಳುತ್ತಿರಲಿಲ್ಲ.

ಈಗ ಲಕೋಟೆಗೆ ಬರೋಣ. ದಾವೆ ದಾಖಲಾದ ಮೇಲೆ ಕೋರ್ಟು ಸಮನ್ಸು ಕಳಿಸುತ್ತದೆ. ನೀವು ಬೇಡವೆಂದರೆ ಅಂಚೆಯವನು "ತೆಗೆದುಕೊಳ್ಳಲು ನಿರಾಕರಿಸಿದರು" ಎಂದು ಷರಾ ಬರೆದು ಹಿಂದಕ್ಕೆ ಕಳಿಸುತ್ತಾನೆ. ಆ ಷರಾ ನೋಡಿ ಕೋರ್ಟು ಸಮನ್ಸು ಮುಟ್ಟಿದೆ ಎಂದೇ ಬರೆದುಕೊಳ್ಳಬಹುದು. ಅಮೀನ ಬಂದಾಗ ಬಾಗಿಲು ಹಾಕಿಕೊಂಡರೆ ಅವನು ಬಾಗಿಲಿಗೇ ಒಂದು ಪ್ರತಿ ಅಂಟಿಸಿ ಹೋಗುತ್ತಾನೆ. ಅದೂ ಮುಟ್ಟಿದ ಲೆಕ್ಕವೇ. ಕೈಯಲ್ಲಿ ಇಸಿದುಕೊಳ್ಳಲಿಲ್ಲ ಎಂಬುದರಿಂದ ನಿಮಗೆ ಆಗುವ ಲಾಭ ಏನೂ ಇಲ್ಲ. ಒಳಗೆ ಏನು ಬರೆದಿದೆ, ವಾಯಿದೆ ಯಾವೊತ್ತು ಎಂಬುದು ಗೊತ್ತಾಗದೆ ಹೋಗುವ ನಷ್ಟ ಮಾತ್ರ ನಿಮ್ಮದು.

ವಾಯಿದೆಯ ದಿನ ನೀವಾಗಲಿ ನಿಮ್ಮ ವಕೀಲರಾಗಲಿ ಹಾಜರಿಲ್ಲದಿದ್ದರೆ, ಮುಂದಿನ ವಿಚಾರಣೆ ಏಕಪಕ್ಷೀಯವಾಗಿ ನಡೆಯಲಿ ಎಂದು ಆಜ್ಞೆಯಾಗುತ್ತದೆ. ಕೋರ್ಟಿನ ಆವರಣದಲ್ಲಿ ಇದಕ್ಕೆ ಎಕ್ಸ್‌ಪಾರ್ಟಿ ಆಯ್ತು ಎನ್ನುತ್ತಾರೆ. ಅಲ್ಲಿಂದಾಚೆಗೆ ನ್ಯಾಯಾಧೀಶರ ಎದುರು ಒಬ್ಬರದೇ ಸಾಕ್ಷಿ, ಒಬ್ಬರದೇ ದಾಖಲೆ. ಹಾಗೆಂದು ಕೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೊಡುವುದಿಲ್ಲ. ಉತ್ತರ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಕುರುಡಾಗಿ ಡಿಕ್ರಿ ಮಾಡಕೂಡದು ಎಂದು ಸುಪ್ರೀಂ ಕೋರ್ಟು ೧೯೯೯ರಲ್ಲೇ ಹೇಳಿದೆ. ವಾದಿ ತನ್ನ ಮಾರ್ಕಿನ ಸರ್ಟಿಫಿಕೇಟು, ಎರಡು ಪ್ಯಾಕೆಟ್ಟು, ಪ್ರಮಾಣಪತ್ರ ತೋರಿಸಿ ರುಜುವಾತು ಮಾಡಲೇಬೇಕು. ಆದರೆ ಎದುರು ಪ್ರಶ್ನೆ ಕೇಳುವವರಿಲ್ಲದ ರುಜುವಾತು ಎಷ್ಟು ಸಲೀಸು ಎಂಬುದನ್ನು ಪಂಚಾಯಿತಿ ಕಟ್ಟೆಯಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಇಂಥ ಡಿಕ್ರಿಗೆ ಹೆಸರಾದ ಮೊಕದ್ದಮೆ ದೆಹಲಿ ಹೈಕೋರ್ಟಿನದು. ಅಮೆರಿಕದ ಟೈಮ್ ಎಂಬ ಪತ್ರಿಕೆ ೧೯೨೩ರಿಂದ ಬರುತ್ತಿದೆ. ಮುಖಪುಟದ ಸುತ್ತ ಕೆಂಪು ಅಂಚು ಅದರ ಗುರುತು. ನಮ್ಮ ದೇಶದಲ್ಲಿ ಕೆಲವರು ಟೈಮ್ ಏಷ್ಯಾ ಸಂಸ್ಕರಣ್ ಎಂದು ಹಿಂದಿಯಲ್ಲಿ ಒಂದು ಪತ್ರಿಕೆ ತೆಗೆದರು, ಕೆಂಪು ಅಂಚನ್ನೂ ಹಾಕಿದರು. ಹಿಂದಿಯಲ್ಲಿ ಸಂಸ್ಕರಣ್ ಎಂದರೆ ಆವೃತ್ತಿ. ಕೊಂಡವನು ಇದು ಟೈಮಿನದೇ ಹಿಂದಿ ಆವೃತ್ತಿ ಎಂದುಕೊಳ್ಳಬೇಕಾದ್ದೇ. ಮಾರ್ಕಿನವರಿಗೆ ನಷ್ಟ, ಓದುಗನಿಗೆ ಮೋಸ, ಎರಡೂ ಅಲ್ಲಿ ಕೂಡಿದ್ದುವು. ಪ್ರತಿವಾದಿಗಳ ಕಡೆಯಿಂದ ವಿಚಾರಣೆಯಲ್ಲಿ ಯಾರೂ ನಿಲ್ಲಲಿಲ್ಲ. ೨೦೦೫ರ ಜನವರಿಯಲ್ಲಿ ಏಕಪಕ್ಷೀಯ ತೀರ್ಪಾಯಿತು. ಆ ಹೆಸರನ್ನು ಬಳಸಕೂಡದೆಂಬ ತಡೆಯಾಜ್ಞೆಯಲ್ಲದೆ ಹೆಸರಿಗಾದ ಹಾನಿಗೆ ೫ ಲಕ್ಷ ರೂಪಾಯಿ, ಇನ್ನು ಮುಂದೆ ಯಾರೂ ಹೀಗೆ ಮಾಡಬಾರದೆಂದು ದಂಡರೂಪದ ಪರಿಹಾರವಾಗಿ ಮತ್ತೆ ೫ ಲಕ್ಷ. ಲೆಕ್ಕಪುಸ್ತಕ ತಂದು ಒಪ್ಪಿಸಿದವನಿಗಿಂತ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡವನು ಲಾಭದಲ್ಲಿರಬಾರದು ಎಂಬ ಮಾತನ್ನು ಅದೇ ಹೈಕೋರ್ಟು ಅನಂತರದ ತೀರ್ಪುಗಳಲ್ಲಿ ಆಡಿದೆ. ೨೦೧೪ರಲ್ಲಿ ಅಲ್ಲಿಯ ಇಬ್ಬರು ನ್ಯಾಯಾಧೀಶರ ಪೀಠ ೨೦೦೫ರ ದಂಡದ ಕ್ರಮವನ್ನು ಒಪ್ಪಲಿಲ್ಲ. ನಿಜವಾದ ನಷ್ಟವನ್ನು ಮೊದಲು ಅಳೆದು, ಅದು ಸಾಲದೆಂದು ಕಂಡರೆ ಮಾತ್ರ ದಂಡದ ಮಾತು ಎಂದಿತು. ಇಂಥ ವಾದವನ್ನು ೨೦೦೫ರಲ್ಲಿ ಎತ್ತಿ ಹೇಳುವವರು ಆ ಪ್ರತಿವಾದಿಗಳ ಕಡೆ ಯಾರೂ ಇರಲಿಲ್ಲ.

ಬಾರದವನು ಕಳೆದುಕೊಳ್ಳುವುದು ಇಂಥ ವಾದಗಳನ್ನೇ. ಮಾರ್ಕಿನ ಕಾಯಿದೆಯ ೧೩೫ನೇ ಕಲಮಿನಲ್ಲಿ ನಮ್ಮಂಥವರಿಗೆ ಬಹಳ ಬೇಕಾದ ಒಂದು ಅನುಕೂಲವಿದೆ. ಈ ಚಿತ್ರ ಬೇರೊಬ್ಬರ ಹೆಸರಿನಲ್ಲಿ ರಿಜಿಸ್ಟರಾಗಿದೆ ಎಂದು ನನಗೆ ಗೊತ್ತಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ, ತಿಳಿದ ಕೂಡಲೆ ನಿಲ್ಲಿಸಿದೆ ಎಂದು ಪ್ರತಿವಾದಿ ಕೋರ್ಟಿಗೆ ಮನದಟ್ಟು ಮಾಡಿಕೊಟ್ಟರೆ, ನಾಮಮಾತ್ರ ಹಣ ಬಿಟ್ಟು ದೊಡ್ಡ ಪರಿಹಾರವನ್ನೂ ಲಾಭದ ಲೆಕ್ಕವನ್ನೂ ಅವನ ಮೇಲೆ ಹೇರುವಂತಿಲ್ಲ. ಪ್ರೆಸ್ಸಿನವನ ನಮೂನೆ ನಂಬಿದ ಸಂಘಕ್ಕೆ ಇದಕ್ಕಿಂತ ದೊಡ್ಡ ಆಸರೆ ಬೇಕೆ? ಆದರೆ ಮನದಟ್ಟು ಮಾಡಿಕೊಡಬೇಕಾದವನು ಪ್ರತಿವಾದಿಯೇ. ವಕೀಲರ ನೋಟೀಸು ಬಂದ ಮೇಲೂ ಅದೇ ಪ್ಯಾಕೆಟ್ ಮಾರುತ್ತ ಹೋದವನಿಗೆ "ತಿಳಿದ ಕೂಡಲೆ" ಎನ್ನುವುದಕ್ಕೆ ಬಾಯಿ ಬರುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿಯತಕ್ಕದ್ದು. ಕೆಲವು ಸಲ ನಿಮಗೆ ಸಮನ್ಸು ಮುಟ್ಟುವ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಆಗಿಬಿಟ್ಟಿರುತ್ತದೆ. ಮಾಲು ಮಾಯವಾದೀತು ಎಂದು ವಾದಿ ಅವಸರ ಮಾಡಿದಾಗ ಹೀಗಾಗುವುದುಂಟು. ಇದು ಕೊನೆಯ ಡಿಕ್ರಿಯಲ್ಲ. ಹೋಗಿ ತಕರಾರು ಹಾಕಬಹುದು. ಗುಜರಾತಿನ ಆಲೂಗೆಡ್ಡೆ ರೈತರ ಸಂಗತಿ ನೀವು ಕೇಳಿರಬಹುದು. ಅದು ಮಾರ್ಕಿನದಲ್ಲ, ತಳಿಯ ಹಕ್ಕಿನದು. ೨೦೧೯ರ ಏಪ್ರಿಲಿನಲ್ಲಿ ಪೆಪ್ಸಿಕೋ ಕಂಪನಿ ಸಾಬರಕಾಂಠಾ ಕಡೆಯ ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿಗೂ ಮೀರಿ ಪರಿಹಾರ ಕೇಳಿ ಅಹಮದಾಬಾದಿನಲ್ಲಿ ದಾವೆ ಹೂಡಿತು. ರೈತರನ್ನು ಕೇಳುವ ಮುಂಚೆಯೇ ತಡೆಯಾಜ್ಞೆ ಸಿಕ್ಕಿತು. ರೈತರು ಬಾಗಿಲು ಹಾಕಿಕೊಂಡು ಕೂರಲಿಲ್ಲ. ವಕೀಲರನ್ನಿಟ್ಟರು, ಸಂಘಗಳು ಜೊತೆಗೆ ನಿಂತುವು. ಮೇ ತಿಂಗಳಲ್ಲಿ ಕಂಪನಿ ದಾವೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ಎಚ್ಚರಿಕೆ: ತಡೆಯಾಜ್ಞೆ ಸರಿಯೋ ತಪ್ಪೋ, ಅದು ಇರುವವರೆಗೆ ಮೀರಕೂಡದು. ಮೀರಿದರೆ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆಯೂ ಆದೀತು.

ಉತ್ತರ ಕೊಡಲು ಎಷ್ಟು ದಿನ? ಮೂರು ಲಕ್ಷ ರೂಪಾಯಿಗೆ ಕಡಿಮೆಯಲ್ಲದ ಮಾರ್ಕಿನ ದಾವೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಸಮನ್ಸು ಮುಟ್ಟಿದ ೩೦ ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿ, ಖರ್ಚು ಕಟ್ಟಿದರೆ ೧೨೦ ದಿನದವರೆಗೆ ಬಿಟ್ಟಾರು. ನೂರಿಪ್ಪತ್ತೊಂದನೆಯ ದಿನ ಆ ಹಕ್ಕು ಹೋದಂತೆಯೇ. ಇದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಖಂಡಿತ ಮಾಡಿದ ಮಾತು.

ಡಿಕ್ರಿಯೇ ಆಗಿಹೋಗಿದ್ದರೆ? ಆಗಲೂ ದಾರಿ ಪೂರ್ತಿ ಮುಚ್ಚಿಲ್ಲ. ಸಮನ್ಸು ಸರಿಯಾಗಿ ಮುಟ್ಟಲಿಲ್ಲ ಎಂದೋ, ಆಸ್ಪತ್ರೆ ಸೇರಿದ್ದೆ, ಮನೆಯಲ್ಲಿ ಸಾವಾಗಿತ್ತು ಮುಂತಾದ ಸಾಕಷ್ಟು ಕಾರಣವಿತ್ತು ಎಂದೋ ತೋರಿಸಿ, ಅದೇ ಕೋರ್ಟಿನಲ್ಲಿ ಡಿಕ್ರಿ ರದ್ದು ಮಾಡಿರೆಂದು ಅರ್ಜಿ ಕೊಡಬಹುದು. ಅದಕ್ಕೆ ಡಿಕ್ರಿಯ ದಿನದಿಂದ ೩೦ ದಿನ. ಸಮನ್ಸು ಮುಟ್ಟಿರದಿದ್ದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ ೩೦ ದಿನ. "ಬೇಕಂತಲೇ ಇಸ್ಕಳ್ಲಿಲ್ಲ" ಎಂಬುದು ಈ ಕಾರಣಗಳಲ್ಲಿ ಸೇರುವುದಿಲ್ಲ.

ಸುಮ್ಮನಿದ್ದರೆ ಹಣದ ಡಿಕ್ರಿ ೧೨ ವರ್ಷಗಳವರೆಗೆ ಅಮಲ್ಜಾರಿಗೆ ಬರಬಹುದು. ಈ ವರ್ಷ ಯಾರೂ ಬರಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಬೇಸಾಯಗಾರನ ನೇಗಿಲು ನೊಗ, ಜೀವನಕ್ಕೆ ಬೇಕಾದಷ್ಟು ದನಕರು, ಬಿತ್ತನೆ ಕಾಳು, ಅವನು ವಾಸವಾಗಿರುವ ಮನೆ, ಇವನ್ನು ಜಪ್ತಿ ಮಾಡಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೇ ಕಲಮು ರಕ್ಷಿಸುತ್ತದೆ. ಆದರೆ ಆ ಪಟ್ಟಿಯಲ್ಲಿ ಹೊಲಗದ್ದೆಯ ಹೆಸರಿಲ್ಲ.

ಇನ್ನು ನಾಣ್ಯದ ಮತ್ತೊಂದು ಮುಖ. ನಕಲಿ ಮಾರ್ಕಿನ ಔಷಧಿ ಡಬ್ಬಿಯೊಂದನ್ನು ನೀವು ಕೊಂಡು ಹೊಡೆದಿರಿ, ಹುಳು ಸಾಯಲಿಲ್ಲ, ಬೆಳೆ ಹೋಯಿತು ಎನ್ನೋಣ. ಆ ಒಂದೇ ಡಬ್ಬಿಯಿಂದ ಎರಡು ವ್ಯಾಜ್ಯ ಹುಟ್ಟುತ್ತವೆ. ಮಾರ್ಕಿನ ಕಂಪನಿಯದು ಮಾರ್ಕಿನ ದಾವೆ. ನಿಮ್ಮದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ದೂರು. ಈ ಎರಡನೆಯದರಲ್ಲಿ ನೋಟೀಸು ಹೋಗುವುದು ಮಾರಿದವನಿಗೆ, ಬಾರದೆ ಇರುವವನೂ ಅವನೇ.

ರೈತ ಬೆಳೆದು ಮಾರುತ್ತಾನೆ, ಅವನು ವ್ಯಾಪಾರಿಯೇ ಹೊರತು ಗ್ರಾಹಕನಲ್ಲ ಎಂದು ಬಹಳ ಕಾಲ ವಾದ ನಡೆಯುತ್ತಿತ್ತು. ೨೦೧೨ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಆಂಧ್ರದ ರೈತರು ಕೊಂಡ ಬೀಜ ಸರಿಯಾಗಿ ಬಂದಿರಲಿಲ್ಲ. ಬೀಜವನ್ನು ಪರೀಕ್ಷೆಗೆ ಏಕೆ ಕಳಿಸಲಿಲ್ಲ ಎಂದು ನಿಗಮ ಕೇಳಿತು. ಕೊಂಡದ್ದೆಲ್ಲವನ್ನೂ ಬಿತ್ತುವ ರೈತ ಮಾದರಿ ಉಳಿಸಿಕೊಂಡಿರುತ್ತಾನೆಂದು ನಿರೀಕ್ಷಿಸಲಾಗದು, ಅದೇ ತಂಡದ ಬೀಜ ನಿಗಮದ ಬಳಿಯಲ್ಲಿದ್ದರೆ ಅದನ್ನು ಪರೀಕ್ಷೆ ಮಾಡಿಸಬಹುದಿತ್ತು ಎಂದು ನ್ಯಾಯಾಲಯ ಹೇಳಿತು. ನನ್ನಂಥ ಕ್ಷೇತ್ರದ ನೌಕರನಿಗೆ ಈ ತೀರ್ಪು ಓದಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎದುರುಪಕ್ಷಕ್ಕೆ ಉತ್ತರ ಕೊಡಲು ೩೦ ದಿನ, ಹೆಚ್ಚೆಂದರೆ ಇನ್ನೂ ೧೫. ನಲವತ್ತೈದು ದಿನ ಮೀರಿದರೆ ಉತ್ತರ ತೆಗೆದುಕೊಳ್ಳುವ ಅಧಿಕಾರ ಆಯೋಗಕ್ಕೇ ಇಲ್ಲ. ಒಂದು ಶೀತಲಗೃಹಕ್ಕೂ ವಿಮಾ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ೨೦೨೦ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಇದು. ದೊಡ್ಡ ಕಂಪನಿಗೂ ಅಷ್ಟೇ ದಿನ, ಬೀದಿ ಕೊನೆಯ ಅಂಗಡಿಗೂ ಅಷ್ಟೇ ದಿನ. ಅವರು ಬಾರದಿದ್ದರೆ ನಿಮ್ಮ ದೂರಿನ ಮೇಲೆ ಏಕಪಕ್ಷೀಯ ಆದೇಶವಾಗಬಹುದು. ಅದನ್ನು ಡಿಕ್ರಿಯಂತೆ ವಸೂಲು ಮಾಡಿಸಬಹುದು, ಪಾಲಿಸದವನಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ೨೫ ಸಾವಿರದಿಂದ ಒಂದು ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ.

ಆದರೆ ಇಲ್ಲಿಯೂ ಎದುರಾಳಿ ಬಾರದ ಮಾತ್ರಕ್ಕೆ ನೀವು ಗೆದ್ದಿರೆಂದಲ್ಲ. ನಿಮ್ಮ ಕೈಯಲ್ಲಿ ಬಿಲ್ಲಿರಬೇಕು. ಅಂಗಡಿಯವನು "ಬಿಲ್ ಬೇಕಾದ್ರೆ ರೇಟ್ ಬೇರೆ ಕಣಣ್ಣ" ಎಂದರೆ ಅಲ್ಲಿ ಕೊಳ್ಳಬೇಡಿ. ಬೀಜದ ಚೀಲ, ಅದಕ್ಕೆ ಹೊಲಿದ ಚೀಟಿ, ಔಷಧಿಯ ಖಾಲಿ ಡಬ್ಬಿ, ಇವನ್ನು ಬೆಳೆ ಕೈಗೆ ಬರುವವರೆಗೆ ಎತ್ತಿಡಿ. ಡಬ್ಬಿಯನ್ನು ಮಕ್ಕಳ ಕೈಗೆ ಸಿಕ್ಕದ ಹಾಗೆ ಇಡಿ. ಬೆಳೆ ಕೆಟ್ಟದ್ದು ಕಂಡ ಕೂಡಲೆ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಟ್ಟು, ಹೊಲಕ್ಕೆ ಬಂದು ನೋಡಿ ವರದಿ ಬರೆಯಿರೆಂದು ಕೇಳಿ. ಉತ್ತು ಹಾಕಿದ ಮೇಲೆ ಬಂದರೆ ನಾವು ನೋಡುವುದೇನನ್ನು? ದೂರಿಗೆ ಎರಡು ವರ್ಷ ಅವಧಿ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ದೂರು ಕೊಟ್ಟು ನೀವೇ ವಾಯಿದೆಗೆ ಹೋಗದಿದ್ದರೆ ನಿಮ್ಮ ದೂರೇ ವಜಾ ಆದೀತು.

ಹಾಗೆಯೇ ನಿಮ್ಮ ಸಂಘದ ಪುಡಿಯ ಮೇಲೆ ಯಾರಾದರೂ ಗ್ರಾಹಕ ದೂರು ಕೊಟ್ಟರೆ ಆ ನಲವತ್ತೈದು ದಿನ ನಿಮಗೂ ಅನ್ವಯ. ಜಿಲ್ಲಾ ಆಯೋಗ ತಾನು ಮಾಡಿದ ಏಕಪಕ್ಷೀಯ ಆದೇಶವನ್ನು ತಾನೇ ರದ್ದು ಮಾಡಲಾರದು. ರಾಜ್ಯ ಆಯೋಗಕ್ಕೆ ೪೫ ದಿನದಲ್ಲಿ ಮೇಲ್ಮನವಿ ಹೋಗಬೇಕು, ಆದೇಶದ ಹಣದಲ್ಲಿ ಅರ್ಧ ಮೊದಲೇ ಕಟ್ಟಬೇಕು.

ಆ ಆಲೆಮನೆಯ ಯಜಮಾನರ ಕಥೆ ಬಾಕಿ ಇದೆ. ಅವೊತ್ತೇ ಅವರ ಮಗನ ಫೋನಿನಲ್ಲಿ ಇ-ಕೋರ್ಟ್ಸ್ ತೆರೆದು ಅವರ ಹೆಸರು ಹಾಕಿ ಹುಡುಕಿದೆವು. ದಾವೆಯ ನಂಬರು ಸಿಕ್ಕಿತು. ಹಿಂದಿನ ವಾಯಿದೆಯಲ್ಲಿ ಎಕ್ಸ್‌ಪಾರ್ಟಿ ಆಗಿತ್ತು, ಡಿಕ್ರಿ ಆಗಿರಲಿಲ್ಲ. ನೂರಿಪ್ಪತ್ತು ದಿನಕ್ಕೆ ಇನ್ನೂ ಹೊತ್ತಿತ್ತು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಅವರು ಹಿಂಜರಿದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಕಡಿಮೆಯಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ೧೫೧೦೦ ನಂಬರಿಗೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಗ್ರಾಹಕರ ದೂರಿಗೆ ೧೯೧೫. ಅಂತೂ ವಕೀಲರು ಸಿಕ್ಕರು. ಹಿಂದಿನ ಗೈರುಹಾಜರಿಗೆ ಕಾರಣ ಹೇಳಿ ಅರ್ಜಿ ಹಾಕಿದರು. ಡಿಕ್ರಿಗೆ ಮುಂಚೆ ಹೀಗೆ ಕೇಳಿಕೊಳ್ಳಲು ಅವಕಾಶವುಂಟು. ನ್ಯಾಯಾಧೀಶರು ಸ್ವಲ್ಪ ಖರ್ಚು ಕಟ್ಟಿಸಿಕೊಂಡು ಒಪ್ಪಿದರು. ಉಳಿದಿದ್ದ ಹಳೆಯ ಹೊದಿಕೆಗಳನ್ನು ಸಂಘದವರು ಎಣಿಸಿ, ಮೂಟೆ ಕಟ್ಟಿ ವಕೀಲರಿಗೆ ಒಪ್ಪಿಸಿ ರಸೀದಿ ಪಡೆದರು.

ದಾವೆ ಇನ್ನೂ ನಡೆಯುತ್ತಿದೆ. ಈಗಿನ ಪ್ಯಾಕೆಟ್ಟಿನ ಮೇಲೆ ಅವರದೇ ಆಲೆಮನೆಯ ಗಾಣದ ಚಿತ್ರವಿದೆ, ಊರಿನ ಹೆಸರಿದೆ. ಚಿತ್ರ ಬರೆದದ್ದು ಅದೇ ಊರಿನ ಶಾಲೆಯ ಹುಡುಗಿ.